ಕಕ್ಷೆ ಬಲ್ಲವರು, ಕಲ್ಲು ಬಲ್ಲವರು

ಚೆನ್ನೈನ ಸರ್ದಾರ್ ಪಟೇಲ್ ರಸ್ತೆಯ ಒಂದು ಮಗ್ಗುಲಿಗೆ ಐಐಟಿ ಮದ್ರಾಸ್ ಇದೆ. ಇನ್ನೊಂದು ಮಗ್ಗುಲಿಗೆ ಅಣ್ಣಾ ವಿಶ್ವವಿದ್ಯಾಲಯ, ಅದರ ಆಸುಪಾಸಿನಲ್ಲೇ ಮದ್ರಾಸ್ ವಿಶ್ವವಿದ್ಯಾಲಯದ ಗಿಂಡಿ ಆವರಣ. ಐಐಟಿಯೊಳಗೆ 1985ರಿಂದ ಇಸ್ರೊ ಸಹಯೋಗದ ಸಂಶೋಧನಾ ಘಟಕವೊಂದಿದೆ. ನೌಕೆಯ ಕಂಪನ, ಶಾಖ, ದಹನ, ನಿಯಂತ್ರಣ ಇವುಗಳ ಮೇಲೆ ಪಿಎಚ್.ಡಿ. ಮಾಡುವವರು ಅಲ್ಲಿದ್ದಾರೆ. ರಸ್ತೆಯಾಚೆ ಭೂವಿಜ್ಞಾನ ವಿಭಾಗಗಳಿವೆ. ಕಲ್ಲಿನ ಚೂರನ್ನು ಕೂದಲೆಳೆಗಿಂತ ತೆಳ್ಳಗೆ ಅರೆದು, ಸೂಕ್ಷ್ಮದರ್ಶಕದಡಿ ಇಟ್ಟು, ಅದು ಹುಟ್ಟಿದ ಬಗೆಯನ್ನು ಹೇಳಬಲ್ಲವರು ಅಲ್ಲಿದ್ದಾರೆ. ನಡುವಿನ ದೂರ ಕೂಗಳತೆಯದು. ಆದರೂ ಒಂದೇ ಪ್ರಬಂಧಕ್ಕೆ ಎರಡೂ ಕಡೆಯ ಗೈಡುಗಳು ಸಹಿ ಹಾಕುವುದು ಅಪರೂಪ. ಭಾರತದ ಗ್ರಹಯಾನಗಳ ಮುಂದಿನ ಹತ್ತು ವರ್ಷಗಳ ಮಟ್ಟಿಗೆ ರಾಕೆಟ್ಟಿನ ಕೊರತೆಗಿಂತ ಈ ಅಪರೂಪವೇ ದೊಡ್ಡ ಕೊರತೆ ಎಂಬುದು ನನ್ನ ವಾದ. ಗ್ರಹವೊಂದರ ಬಗ್ಗೆ ಸರಿಯಾದ ಪ್ರಶ್ನೆ ಎತ್ತಬಲ್ಲವರೂ ಆ ಪ್ರಶ್ನೆಗೆ ತಕ್ಕ ಕಕ್ಷೆಯನ್ನು ಲೆಕ್ಕ ಹಾಕಬಲ್ಲವರೂ ಉದ್ಯೋಗಕ್ಕೆ ಸೇರಿದ ಮೇಲೆ ಸಮಿತಿಗಳಲ್ಲಿ ಮೊದಲ ಬಾರಿ ಭೇಟಿಯಾದರೆ ತಡವಾಯಿತೆಂದೇ ಅರ್ಥ. ಅವರು ವಿದ್ಯಾರ್ಥಿಗಳಾಗಿದ್ದಾಗಲೇ ಒಂದು ಕೋಣೆಯಲ್ಲಿ ಕೂರಬೇಕು.

ಇದಕ್ಕೆ ಮೊದಲ ಸಾಕ್ಷಿ ತಮಿಳುನಾಡಿನ ನೆಲದಲ್ಲೇ ಬಿದ್ದಿದೆ. ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಎಂಬ ಹಳ್ಳಿಯ ಸುತ್ತ ಬಿಳಿಚಿದ ಬಣ್ಣದ ಕಲ್ಲೊಂದು ಹರಡಿಕೊಂಡಿದೆ. ಅದರ ಹೆಸರು ಅನಾರ್ಥೊಸೈಟ್. ಬಹುಪಾಲು ಕ್ಯಾಲ್ಸಿಯಂ ಹೆಚ್ಚಿರುವ ಫೆಲ್ಡ್‌ಸ್ಪಾರ್ ಖನಿಜದಿಂದಾದದ್ದು. ಆ ಊರು ಇನ್ನೂ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1956ರಲ್ಲಿ, ಎ. ಪಿ. ಸುಬ್ರಮಣ್ಯಂ ಎಂಬ ಭೂವಿಜ್ಞಾನಿ ಈ ಕಲ್ಲುಗಳ ಖನಿಜ ಸಂಯೋಜನೆಯನ್ನು ವಿವರವಾಗಿ ಬರೆದು ಅಮೆರಿಕದ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಸ್ಪುಟ್ನಿಕ್ ಕೂಡ ಹಾರಿರಲಿಲ್ಲ. ಹದಿಮೂರು ವರ್ಷಗಳ ನಂತರ ಅಪೊಲೊ 11ರ ಯಾತ್ರಿಗಳು ತಂದ ಕಪ್ಪು ಮಣ್ಣಿನಲ್ಲಿ ಸಣ್ಣಸಣ್ಣ ಬಿಳಿ ಚೂರುಗಳು ಸಿಕ್ಕವು. ಅವು ಅನಾರ್ಥೊಸೈಟ್. ಚಂದ್ರ ಹುಟ್ಟಿದ ಹೊಸದರಲ್ಲಿ ಅದರ ಮೈಯೆಲ್ಲ ಕರಗಿದ ಶಿಲೆಯ ಸಾಗರವಾಗಿತ್ತು, ಹಗುರವಾದ ಫೆಲ್ಡ್‌ಸ್ಪಾರ್ ಹರಳುಗಳು ಮೇಲೆ ತೇಲಿ ಹೆಪ್ಪುಗಟ್ಟಿ ತೊಗಟೆಯಾದವು ಎಂಬ ಊಹೆ ಹುಟ್ಟಿದ್ದು ಈ ಚೂರುಗಳಿಂದ. ಸೇಲಂ ಸೀಮೆಯ ಒಂದು ಮೂಲೆಯ ಬಗ್ಗೆ ಬರೆದ ಪ್ರಬಂಧ ಇದ್ದಕ್ಕಿದ್ದಂತೆ ಚಂದ್ರನನ್ನು ಓದುವವರಿಗೂ ಬೇಕಾಯಿತು.

ಅದು ಇಸ್ರೊಗೂ ಬೇಕಾಯಿತು. ಚಂದ್ರಯಾನ-2ರ ಲ್ಯಾಂಡರ್ ಮತ್ತು ರೋವರ್ ಪರೀಕ್ಷೆಗೆ ಚಂದ್ರನ ಮಣ್ಣನ್ನು ಹೋಲುವ ಪುಡಿ ಟನ್‌ಗಟ್ಟಲೆ ಬೇಕಿತ್ತು. ಹೊರದೇಶದಿಂದ ತರಿಸಿದರೆ ವೆಚ್ಚ ಕೈಮೀರುತ್ತಿತ್ತು. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳ ನೆರವಿನಿಂದ ಸಿತ್ತಂಪೂಂಡಿ, ಕುನ್ನಮಲೈ ಗ್ರಾಮಗಳ ಕಲ್ಲನ್ನು ಆರಿಸಿ, ಬೇಕಾದ ಗಾತ್ರಕ್ಕೆ ಪುಡಿಮಾಡಿಸಿ, ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ಹಾಸಿದರು. ಗಾಲಿ ಎಷ್ಟು ಹೂತುಕೊಳ್ಳುತ್ತದೆ, ಎಲ್ಲಿ ಜಾರುತ್ತದೆ, ಲ್ಯಾಂಡರಿನ ಕಾಲು ಊರಿದಾಗ ನೆಲ ಎಷ್ಟು ಜಗ್ಗುತ್ತದೆ ಎಂಬುದೆಲ್ಲ ಗೊತ್ತಾದದ್ದು ಆ ಪುಡಿಯ ಮೇಲೆ. ಇಲ್ಲಿ ಗಮನಿಸಬೇಕಾದದ್ದು ಉಳಿತಾಯದ ಕತೆಯನ್ನಲ್ಲ. ಪತ್ರಿಕೆಗಳು ಅದನ್ನು ಬೇಕಾದಷ್ಟು ಬರೆದಿವೆ. ಗಾಲಿ ವಿನ್ಯಾಸ ಮಾಡುವವನಿಗೆ ಕಲ್ಲಿನ ವಿಳಾಸ ಹೇಳಲು ಒಬ್ಬ ಭೂವಿಜ್ಞಾನಿ ಬೇಕಾಯಿತು, ಆ ಭೂವಿಜ್ಞಾನಿಗೆ ಅರ್ಧ ಶತಮಾನದ ಹಿಂದಿನ ಸಂಶೋಧನೆ ಆಧಾರವಾಗಿತ್ತು ಎಂಬುದು ಮುಖ್ಯ. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ಮೇಲೆ 103 ಮೀಟರ್ ಹಾದಿಯುದ್ದಕ್ಕೂ 23 ಕಡೆ ಮಣ್ಣನ್ನು ಅಳೆಯಿತು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ತಂಡ ಆ ಅಳತೆಗಳನ್ನು ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ದಕ್ಷಿಣದ ಆ ನೆಲವೂ ಅನಾರ್ಥೊಸೈಟ್ ಜಾತಿಯದೇ, ಶಿಲಾಸಾಗರದ ಊಹೆಗೆ ಅದು ಒತ್ತಾಸೆ ಎಂದು ತಿಳಿಯಿತು.

ಇನ್ನು ಎಂಜಿನಿಯರಿಂಗ್ ಕಡೆಯ ಸಾಕ್ಷಿ. ಚಂದ್ರಯಾನ-3ರ ಯೋಜನಾ ನಿರ್ದೇಶಕರಾಗಿದ್ದ ವಿಳುಪ್ಪುರಂನ ಪಿ. ವೀರಮುತ್ತುವೇಲ್ ಪಿಎಚ್.ಡಿ. ಮಾಡಿದ್ದು ಐಐಟಿ ಮದ್ರಾಸಿನಲ್ಲಿ, ಇಸ್ರೊ ನೌಕರಿಯಲ್ಲಿದ್ದುಕೊಂಡೇ. ವಿಷಯ ಕೇಳಿದರೆ ಚಂದ್ರನಿಗೂ ಅದಕ್ಕೂ ಸಂಬಂಧವೇ ಇಲ್ಲವೆನಿಸೀತು: ಉಪಗ್ರಹದೊಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಅದುರುವಿಕೆಯನ್ನು ತಗ್ಗಿಸುವುದು. ಉಡಾವಣೆಯ ಹೊತ್ತಿಗೆ ಸರ್ಕ್ಯೂಟ್ ಹಲಗೆಗಳು ಎಷ್ಟು ಅದುರುತ್ತವೆಂದರೆ ಬೆಸುಗೆ ಬಿಟ್ಟುಕೊಂಡು ಇಡೀ ಉಪಕರಣ ಸತ್ತುಹೋಗಬಹುದು. ರಬ್ಬರಿನಂಥ ವಸ್ತುಗಳನ್ನು ಇಟ್ಟರೆ ನಿರ್ವಾತ, ಚಳಿ, ತಾಪಕ್ಕೆ ಅವು ಹಾಳಾಗುತ್ತವೆ. ಅದಕ್ಕೆ ಪರ್ಯಾಯವಾಗಿ ಒಂದು ಪುಟ್ಟ ಡಬ್ಬಿಯೊಳಗೆ ಸಣ್ಣ ಗುಂಡುಗಳನ್ನು ಅರೆಬರೆ ತುಂಬಿ ಹಲಗೆಗೆ ಜೋಡಿಸುತ್ತಾರೆ. ಹಲಗೆ ಅದುರಿದಾಗ ಗುಂಡುಗಳು ಒಂದಕ್ಕೊಂದು, ಡಬ್ಬಿಯ ಗೋಡೆಗೆ ಡಿಕ್ಕಿ ಹೊಡೆದು ಉಜ್ಜಾಡುತ್ತವೆ. ಅದುರುವ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಗುಂಡಿನ ಗಾತ್ರ ಎಷ್ಟಿರಬೇಕು, ಡಬ್ಬಿ ಎಷ್ಟು ತುಂಬಿರಬೇಕು ಎಂಬುದರಲ್ಲೇ ಇಡೀ ಸಂಶೋಧನೆ ಅಡಗಿದೆ. ಇದರ ಫಲ 2016ರಲ್ಲಿ ‘ಆಕ್ಟಾ ಆಸ್ಟ್ರೊನಾಟಿಕಾ’ ಪತ್ರಿಕೆಯಲ್ಲಿ ಬಂತು. ಇಂಥ ಕೆಲಸಕ್ಕೆ ಸುದ್ದಿವಾಹಿನಿಗಳಲ್ಲಿ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಒಂದು ತೊಡಕನ್ನು ಐದಾರು ವರ್ಷ ಬಿಡದೆ ಹಿಡಿದು ಕೂತವನಿಗೆ ನೌಕೆಯ ಎಲ್ಲ ತೊಡಕುಗಳನ್ನೂ ಅದೇ ಹಟದಿಂದ ನೋಡುವ ಅಭ್ಯಾಸ ಬರುತ್ತದೆ. ಪಿಎಚ್.ಡಿ.ಯ ನಿಜವಾದ ಉತ್ಪನ್ನ ಆ ಅಭ್ಯಾಸ.

ಕಲ್ಲು ಮತ್ತು ಕಕ್ಷೆ ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂದು ನೋಡಲು ಇಳಿಯುವ ಜಾಗದ ವಿಷಯಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ಕಾರಣಗಳನ್ನು ಆಮೇಲೆ ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಬಿಡಿಸಿ ಹೇಳಿದರು. ಐದು ಎಂಜಿನ್ನುಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು. ಕ್ಯಾಮೆರಾ ಚಿತ್ರ ತೆಗೆಯಲೆಂದು ನೌಕೆ ಅಲುಗಾಡದೆ ಸಾಗಬೇಕಾದ ಹಂತವೊಂದಿತ್ತು. ಆ ಹೊತ್ತಿನಲ್ಲಿ ತಪ್ಪುಗಳು ತಿದ್ದಿಸಿಕೊಳ್ಳದೆ ಒಟ್ಟುಗೂಡಿದವು. ಕೊನೆಗೆ ಬಹಳ ಬೇಗ ತಿರುಗಬೇಕಾಗಿ ಬಂದಾಗ ಅಷ್ಟು ಬೇಗ ತಿರುಗಲು ತಂತ್ರಾಂಶ ಹಾಕಿದ್ದ ಮಿತಿ ಬಿಡಲಿಲ್ಲ. ಇಷ್ಟೆಲ್ಲದರ ಮೇಲೆ, ಇಳಿಯಬೇಕಾದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲದ ಚೌಕ ಮಾತ್ರ. ನೆಲ ಹತ್ತಿರವಾಗುತ್ತಿದ್ದರೂ ನೌಕೆ ಆ ಚೌಕವನ್ನು ಮುಟ್ಟಲು ವೇಗ ಹೆಚ್ಚಿಸಿಕೊಂಡಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವಂತಾಯಿತು ಪರಿಸ್ಥಿತಿ. ಚಂದ್ರಯಾನ-3ರಲ್ಲಿ ನಡುವಿನ ಎಂಜಿನ್ ತೆಗೆದು ನಾಲ್ಕಕ್ಕೆ ಇಳಿಸಿದರು, ಕಾಲುಗಳನ್ನು ಬಲಪಡಿಸಿದರು, ವೇಗ ಅಳೆಯಲು ಲೇಸರ್ ಉಪಕರಣ ಸೇರಿಸಿದರು. ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, ಸುಮಾರು ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು.

ಈ ಕೊನೆಯ ತಿದ್ದುಪಡಿ ಕೇಳಲು ಸುಲಭ. ಆದರೆ ಚಂದ್ರನ ದಕ್ಷಿಣಕ್ಕೆ ಹೋದಂತೆಲ್ಲ ಕುಳಿಯ ಮೇಲೆ ಕುಳಿ. ಇಳಿಜಾರು, ಬಂಡೆ, ನೆರಳು ಇಲ್ಲದ ಅಷ್ಟು ದೊಡ್ಡ ಬಯಲನ್ನು ಹುಡುಕಿಕೊಡಬೇಕಾದವರು ನಕ್ಷೆ ಓದುವವರು. ಚಂದ್ರಯಾನ-2ರ ಆರ್ಬಿಟರ್ ಕಕ್ಷೆಯಲ್ಲಿ ಸುಸ್ಥಿತಿಯಲ್ಲೇ ಉಳಿದಿತ್ತು. ಅದರ ಕ್ಯಾಮೆರಾ ಸುಮಾರು 30 ಸೆಂಟಿಮೀಟರಿನಷ್ಟು ಸಣ್ಣದನ್ನೂ ಗುರುತಿಸಬಲ್ಲುದು. ಆ ಚಿತ್ರಗಳಲ್ಲಿ ಬಂಡೆಗಳನ್ನು ಎಣಿಸಿ, ಕುಳಿಗಳ ವಯಸ್ಸು ಅಂದಾಜಿಸಿ ಜಾಗ ಗೊತ್ತುಮಾಡಬೇಕು. ಆ ಜಾಗದಲ್ಲಿ ಸೂರ್ಯ ಹುಟ್ಟುವ ದಿನವೇ ಇಳಿದರೆ ಹದಿನಾಲ್ಕು ದಿನ ಬೆಳಕು ಸಿಗುತ್ತದೆ. ಹೀಗಾಗಿ ಇಳಿಯುವ ದಿನ ನಿಗದಿಯಾಗುತ್ತದೆ, ಅದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಉಡಾವಣೆಯ ದಿನ ಸಿಗುತ್ತದೆ. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ನೆಲ ಮುಟ್ಟಿದ್ದು ಇಂಥ ಲೆಕ್ಕದಿಂದ. ಕಲ್ಲಿನವರ ಮಾತು ಕಕ್ಷೆಯವರ ಲೆಕ್ಕಕ್ಕೆ ಮೊದಲ ಸಾಲು. ಹಾಗೆಯೇ ಕಕ್ಷೆಯವರ ಜಾಣ್ಮೆ ಹೊಸ ವಿಜ್ಞಾನಕ್ಕೆ ದಾರಿ ಮಾಡುವುದೂ ಉಂಟು. ಲ್ಯಾಂಡರನ್ನು ಬಿಟ್ಟ ಮೇಲೆ ಪ್ರೊಪಲ್ಷನ್ ಮಾಡ್ಯೂಲಿನಲ್ಲಿ 100 ಕಿಲೋಗ್ರಾಮಿಗೂ ಹೆಚ್ಚು ಇಂಧನ ಉಳಿದಿತ್ತು. ಅಕ್ಟೋಬರ್ 9ರಂದು ಅದರ ಕಕ್ಷೆಯನ್ನು ಎತ್ತರಿಸಿ, 13ರಂದು ಭೂಮಿಯತ್ತ ತಿರುಗಿಸಿ, ಚಂದ್ರನ ಬಳಿ ನಾಲ್ಕು ಸಲ ಹಾಯಿಸಿ, ನವೆಂಬರಿನಲ್ಲಿ ಭೂಕಕ್ಷೆಗೆ ತಂದರು. ಚಂದ್ರನಿಂದ ಮಣ್ಣು ತರುವ ಮುಂದಿನ ಯಾನಕ್ಕೆ ಅದು ತಾಲೀಮು.

ಹೆಣಿಗೆ ಸಡಿಲವಾದಾಗ ಏನಾಗುತ್ತದೆಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ, ಹೇಳಲು ಸ್ವಲ್ಪ ಮುಜುಗರವಾದರೂ. ಮಂಗಳಯಾನ 2012ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದು 2013ರ ನವೆಂಬರ್ 5ರಂದು ಹಾರಿತು. ಮೊದಲ ಯತ್ನದಲ್ಲೇ ಮಂಗಳನ ಕಕ್ಷೆ ಸೇರಿದ್ದು ನೌಕಾಚಲನಶಾಸ್ತ್ರದ ಮಟ್ಟಿಗೆ ಅಪ್ಪಟ ಸಾಧನೆ. ವಿಜ್ಞಾನದ ಉಪಕರಣಗಳ ಒಟ್ಟು ತೂಕ ಮಾತ್ರ ಸುಮಾರು 15 ಕಿಲೋಗ್ರಾಂ. ಅವುಗಳಲ್ಲಿ ದೊಡ್ಡ ನಿರೀಕ್ಷೆಯದು ಮೀಥೇನ್ ಹುಡುಕುವ ಉಪಕರಣ. ಮೀಥೇನಿನ ಗುರುತನ್ನು ಉಳಿದ ಅನಿಲಗಳ ಗುರುತಿನಿಂದ ಬಿಡಿಸಿ ನೋಡುವ ಸಾಮರ್ಥ್ಯ ಅದರ ವಿನ್ಯಾಸಕ್ಕೆ ಸಾಲದೆಂದು ಆಮೇಲೆ ಗೊತ್ತಾಯಿತು. ಮಂಗಳನ ನೆಲ ಬೆಳಕನ್ನು ಎಷ್ಟು ಹಿಂದಿರುಗಿಸುತ್ತದೆಂಬ ನಕ್ಷೆ ಮಾಡಲು ಅದನ್ನು ಬಳಸಿಕೊಂಡರು. ಹದಿನೈದು ತಿಂಗಳಲ್ಲಿ ನೌಕೆ ಕಟ್ಟಬಹುದು. ರೋಹಿತಗಳನ್ನು ವರ್ಷಗಟ್ಟಲೆ ಜಾಲಾಡಿ ‘ಈ ಉಪಕರಣ ಇಷ್ಟು ಸೂಕ್ಷ್ಮವಾಗಿರದಿದ್ದರೆ ಪ್ರಯೋಜನವಿಲ್ಲ’ ಎಂದು ಎದ್ದು ನಿಂತು ಹೇಳುವ ಸಂಶೋಧಕರ ಗುಂಪನ್ನು ಹದಿನೈದು ತಿಂಗಳಲ್ಲಿ ಕಟ್ಟಲಾಗದು. ಚಂದ್ರಯಾನ-1ರದು ಇನ್ನೊಂದು ಬಗೆ. ಅದು ಹೊತ್ತೊಯ್ದ ಅಮೆರಿಕದ ಖನಿಜ ನಕ್ಷೆಯ ಉಪಕರಣ 2009ರಲ್ಲಿ ಚಂದ್ರನ ಮೇಲೆ ನೀರಿನ ಸುಳಿವು ಕೊಟ್ಟಿತು. ನೌಕೆ ಅದೇ ವರ್ಷ ಮೌನವಾಯಿತು. ಆದರೆ ಅದೇ ದತ್ತಾಂಶವನ್ನು ಮತ್ತೆ ಮತ್ತೆ ಸೋಸಿ ಧ್ರುವಗಳ ನೆರಳಿನಲ್ಲಿ ಹಿಮ ಬಯಲಾಗಿಯೇ ಬಿದ್ದಿದೆ ಎಂದು 2018ರಲ್ಲಿ ತೋರಿಸಿದ್ದು ಹವಾಯಿ ವಿಶ್ವವಿದ್ಯಾಲಯದ ಶುವಾಯ್ ಲಿ ಮತ್ತು ಸಂಗಡಿಗರು. ಬಂಡಿ ನಮ್ಮದು, ಫಸಲು ಬೇರೆಯವರದು ಎಂದು ಹಲುಬುವುದು ಬೇಡ. ಉಪಕರಣ ಅವರದೇ ಆಗಿತ್ತು. ಆದರೆ ಒಂದು ದತ್ತಾಂಶಕ್ಕೆ ಒಂಬತ್ತು ವರ್ಷದ ಆಯುಷ್ಯ ಕೊಡುವ ಸಂಶೋಧಕರ ಸಂತಾನ ಅಲ್ಲಿತ್ತು ಎಂಬುದನ್ನು ನೋಡದೆ ಇರಲಾಗದು.

ಚೆನ್ನೈಗೆ ಈ ಪಾಠ ಹೊಸದೂ ಅಲ್ಲ. 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಿದ ಮದ್ರಾಸ್ ವೀಕ್ಷಣಾಲಯಕ್ಕೆ 1861ರಲ್ಲಿ ನಾರ್ಮನ್ ಪಾಗ್‌ಸನ್ ಬಂದ. ಅದೇ ವರ್ಷ ಏಪ್ರಿಲಿನಲ್ಲಿ ಒಂದು ಕ್ಷುದ್ರಗ್ರಹ ಕಂಡು ‘ಏಷ್ಯಾ’ ಎಂದು ಹೆಸರಿಟ್ಟ. 1866ರಲ್ಲಿ ‘ಸಿಲ್ವಿಯಾ’ವನ್ನು ಕಂಡ, ಅದಕ್ಕೆ ಎರಡು ಚಂದ್ರಗಳಿವೆ ಎಂದು 2005ರಲ್ಲಿ ಗೊತ್ತಾಯಿತು. ಚಂದ್ರಗಳು ಸುತ್ತುವ ರೀತಿಯಿಂದ ಸಿಲ್ವಿಯಾದ ತೂಕ ತಿಳಿದು, ಒಳಗೆ ಪೊಳ್ಳುಪೊಳ್ಳಾದ ಕಲ್ಲುರಾಶಿ ಅದು ಎಂದು ಊಹಿಸಲಾಯಿತು. ಕಕ್ಷೆಯನ್ನು ಓದಿ ಕಲ್ಲಿನ ಒಳಗನ್ನು ತಿಳಿಯುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನ ಬೇಕೆ? ಆದರೆ ಪಾಗ್‌ಸನ್‌ಗೆ ಸಹಾಯಕರು ಸಾಲುತ್ತಿರಲಿಲ್ಲ. ಸಾವಿರಾರು ನಕ್ಷತ್ರಗಳ ಅಳತೆಗಳು ಲೆಕ್ಕಕ್ಕೆ ಬಾರದೆ ಕಡತಗಳಲ್ಲಿ ರಾಶಿಬಿದ್ದವು. 1891ರಲ್ಲಿ ಅವನು ತೀರಿಕೊಂಡ ಮೇಲೆ ಉತ್ತರಾಧಿಕಾರಿ ಮಿಚಿ ಸ್ಮಿತ್ ಅವನ್ನು ಅಚ್ಚಿಗೆ ಮುಟ್ಟಿಸಬೇಕಾಯಿತು.

ಇಂದಿನ ಚೆನ್ನೈನಲ್ಲಿ ಉತ್ಸಾಹಕ್ಕೇನೂ ಬರವಿಲ್ಲ. ಅಣ್ಣಾ ವಿಶ್ವವಿದ್ಯಾಲಯದ 40 ಕಿಲೋಗ್ರಾಮಿನ ಅನುಸ್ಯಾಟ್ 2009ರ ಏಪ್ರಿಲ್ 20ರಂದು ಕಕ್ಷೆ ಸೇರಿತು. ಎಸ್‌ಆರ್‌ಎಂ ವಿದ್ಯಾರ್ಥಿಗಳ ಉಪಗ್ರಹ 2011ರಲ್ಲಿ, ಸತ್ಯಭಾಮಾ ವಿದ್ಯಾರ್ಥಿಗಳದು 2016ರಲ್ಲಿ ಹಾರಿದವು. ಐಐಟಿ ಮದ್ರಾಸಿನ ಆವರಣದಲ್ಲಿ ಹುಟ್ಟಿದ ಅಗ್ನಿಕುಲ್ ಕಾಸ್ಮಾಸ್ 2024ರ ಮೇ 30ರಂದು ತ್ರೀಡಿ ಮುದ್ರಿತ ಎಂಜಿನ್ನಿನ ರಾಕೆಟ್ ಹಾರಿಸಿತು. ಕಟ್ಟುವ ಕಲೆ ಊರಿಗೆ ಒಲಿದಿದೆ. ರಾಕೆಟ್ಟಿಗೆ ಬಂಡವಾಳ ಹೂಡುವವರು ಸಿಗುತ್ತಾರೆ. ಶುಕ್ರನ ಜ್ವಾಲಾಮುಖಿಗಳ ಬಗ್ಗೆ ಒಂದು ಪ್ರಶ್ನೆಗೆ ಹೂಡುವವರು ಯಾರು? ಅದಕ್ಕೆ ಸರ್ಕಾರದ ಫೆಲೋಶಿಪ್ಪೇ ಗತಿ.

ಇಲ್ಲಿ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದು: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಲೆಕ್ಕ ಹಾಕಿ ನೋಡೋಣ. 2023ರ ಪರಿಷ್ಕರಣೆಯಂತೆ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಹಿರಿಯರದು 42,000. ಎರಡು ವರ್ಷ ಮೊದಲಿನದು, ಮೂರು ವರ್ಷ ಎರಡನೆಯದು ಎಂದಿಟ್ಟುಕೊಂಡರೆ, ಮನೆ ಬಾಡಿಗೆ ಭತ್ಯೆ ಬಿಟ್ಟು, ಒಬ್ಬ ವಿದ್ಯಾರ್ಥಿಗೆ ಐದು ವರ್ಷಕ್ಕೆ 24 ಲಕ್ಷ. ನೂರು ವಿದ್ಯಾರ್ಥಿಗಳಿಗೆ 24 ಕೋಟಿ. ಚಂದ್ರಯಾನ-3ರ ವೆಚ್ಚ ಸುಮಾರು 615 ಕೋಟಿ ಎಂದು ಹೇಳುತ್ತಾರೆ. ಅದರ ಶೇಕಡ 4ರಷ್ಟೂ ಇದಾಗುವುದಿಲ್ಲ. ನೌಕೆಗೆ ಹಣ ಕೊಟ್ಟು, ಅದು ಕಳಿಸಿದ್ದನ್ನು ಓದುವವರಿಗೆ ಕೊಡದಿರುವುದು ಉಳಿತಾಯವಾಗದು. ಕಕ್ಷೆಯ ಗಣಿತ ಕಲಿತವರಿಗೆ ದಿನನಿತ್ಯದ ಕೆಲಸವೂ ಇದೆ. ಚಂದ್ರಯಾನ-3ರ ಉಡಾವಣೆಯನ್ನೇ ಕಕ್ಷೆಯಲ್ಲಿನ ವಸ್ತುವೊಂದಕ್ಕೆ ಡಿಕ್ಕಿಯಾಗುವುದನ್ನು ತಪ್ಪಿಸಲು 4 ಸೆಕೆಂಡ್ ತಡಮಾಡಿದರು. ಹವಾಮಾನ, ದೂರಸಂಪರ್ಕದ ಉಪಗ್ರಹಗಳಿಗೂ ಬೇಕಾದದ್ದು ಇದೇ ಲೆಕ್ಕ.

ಎರಡನೆಯ ಆಕ್ಷೇಪ ಇಸ್ರೊ ಒಳಗಿನದು. ಅಹಮದಾಬಾದಿನಲ್ಲಿ ಗ್ರಹವಿಜ್ಞಾನವಿದೆ, ಬೆಂಗಳೂರಿನಲ್ಲಿ ಉಪಗ್ರಹ, ತಿರುವನಂತಪುರದಲ್ಲಿ ರಾಕೆಟ್ ಮತ್ತು ಬಾಹ್ಯಾಕಾಶಕ್ಕೆಂದೇ ಒಂದು ವಿಶ್ವವಿದ್ಯಾಲಯ. ಮತ್ತೆ ಚೆನ್ನೈ ಏಕೆ? ಆ ಸಂಸ್ಥೆಗಳ ಕೆಲಸ ಕಡಿಮೆಯೆಂದು ಯಾರೂ ಹೇಳಲಾರರು. ಆದರೆ ಯಾನವನ್ನು ನಡೆಸುವವರೇ ಅದರ ಎಲ್ಲ ಪ್ರಶ್ನೆಗಳನ್ನೂ ಕೇಳಬೇಕೆಂದರೆ ಯಾನದ ವೇಳಾಪಟ್ಟಿಗೆ ಹೊಂದುವ ಪ್ರಶ್ನೆಗಳಷ್ಟೇ ಉಳಿಯುತ್ತವೆ. ಹೊರಗಿನ ಕಣ್ಣಿನ ಬೆಲೆ ಎಷ್ಟೆಂಬುದನ್ನು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ 2019ರಲ್ಲಿ ತೋರಿಸಿದರು. ನಾಸಾ ಸಾರ್ವಜನಿಕರಿಗೆ ಬಿಟ್ಟ ಚಂದ್ರನ ಚಿತ್ರಗಳಲ್ಲಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ವಿಕ್ರಮ್‌ನ ಒಂದು ಚೂರನ್ನು ಗುರುತಿಸಿದರು. ಮುಖ್ಯವಾಗಿ ಅಪ್ಪಳಿಸಿದ ಜಾಗದಿಂದ ಅದು ಸುಮಾರು 750 ಮೀಟರ್ ದೂರ ಬಿದ್ದಿತ್ತು. ಡಿಸೆಂಬರಿನಲ್ಲಿ ನಾಸಾ ಒಪ್ಪಿತು. ಬ್ಯಾಲಾಳುವಿನಲ್ಲಿರುವ ಇಸ್ರೊ ದತ್ತಾಂಶ ಕೇಂದ್ರ ಚಂದ್ರಯಾನದ ದತ್ತಾಂಶವನ್ನು ಈಗ ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ತೆರೆದ ಬಾಗಿಲಿನಿಂದ ಒಳಗೆ ಬರಲು ತರಬೇತಾದ ಜನ ಬೇಕು, ಅವರು ಹಲವು ಊರುಗಳಿಂದ ಬರಬೇಕು.

ಕಕ್ಷೆಯನ್ನೂ ಕಲ್ಲನ್ನೂ ಒಟ್ಟಿಗೆ ಕಲಿಯ ಹೊರಟವನು ಎರಡರಲ್ಲೂ ಅರೆಬೆಂದವನಾಗುತ್ತಾನೆ ಎಂಬ ಮಾತಿಗೆ ಹುರುಳಿದೆ. ಎಲ್ಲರೂ ಎರಡನ್ನೂ ಪೂರ್ತಿ ಕಲಿಯಲಿ ಎಂದು ನಾನು ಹೇಳುತ್ತಿಲ್ಲ. ಒಂದರಲ್ಲಿ ಆಳವಿರಲಿ, ಇನ್ನೊಂದರ ಭಾಷೆ ಗೊತ್ತಿರಲಿ. ಉಡುಪಿಯ ಅದಮಾರಿನ ಯು. ಆರ್. ರಾವ್ ಮದ್ರಾಸ್ ವಿಶ್ವವಿದ್ಯಾಲಯದ ಪದವೀಧರರು. ವಿಕ್ರಮ್ ಸಾರಾಭಾಯಿ ಕೈಕೆಳಗೆ ಕಾಸ್ಮಿಕ್ ಕಿರಣಗಳ ಮೇಲೆ ಪಿಎಚ್.ಡಿ. ಮಾಡಿದವರು. ಅಮೆರಿಕದಲ್ಲಿ ಪಯೊನೀರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದು ಬಂದು, ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿಸಿ 1975ರ ಏಪ್ರಿಲ್ 19ರಂದು ಹಾರಿಸಿದರು. ಉಪಕರಣಕ್ಕೆ ಏನು ಬೇಕೆಂದು ತಿಳಿದಿದ್ದ ಭೌತವಿಜ್ಞಾನಿಯೇ ಉಪಗ್ರಹದ ಮುಖ್ಯಸ್ಥನಾದದ್ದು ಆಕಸ್ಮಿಕವಿರಬಹುದು. ಆದರೆ ಅಂಥ ಆಕಸ್ಮಿಕಕ್ಕಾಗಿ ಮತ್ತೆ ಐವತ್ತು ವರ್ಷ ಕಾಯುವ ಹಾಗಿಲ್ಲ.

ಉಳಿದ ಆಕ್ಷೇಪ ಉದ್ಯೋಗದ್ದು. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಗ್ರಹಯಾನಗಳು ನಮ್ಮಲ್ಲಿ ಆಗೊಮ್ಮೆ ಈಗೊಮ್ಮೆ ನಡೆಯುತ್ತವೆ, ಶಿಲಾವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವಳಿಗೆ ಬೋಧಕ ಹುದ್ದೆಗಳು ಭರ್ತಿಯಾಗದೆ ಬಿದ್ದಿರುವ ಕಾಲದಲ್ಲಿ ಚಂದ್ರನನ್ನು ತೋರಿಸಿ ಸಮಾಧಾನ ಹೇಳುವುದು ನ್ಯಾಯವಲ್ಲ. ಯಾನವೊಂದಕ್ಕೆ ಒಪ್ಪಿಗೆ ಕೊಡುವಾಗಲೇ ಅದರ ಮೊತ್ತದಲ್ಲಿ ಸಂಶೋಧನಾ ಹುದ್ದೆಗಳ ಪಾಲನ್ನು ತೆಗೆದಿಡಬಹುದೆಂಬುದನ್ನಷ್ಟೇ ಹೇಳಬಲ್ಲೆ.

2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟ ಒಂದೇ ದಿನ ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರನ ಆರ್ಬಿಟರಿಗೆ 1,236 ಕೋಟಿ ರೂಪಾಯಿ ಒಪ್ಪಿತು. ಶುಕ್ರಯಾನದ ಉಡಾವಣೆಗೆ ಗೊತ್ತುಮಾಡಿದ್ದು 2028ರ ಮಾರ್ಚ್. ಒಪ್ಪಿಗೆ ಸಿಕ್ಕ ವರ್ಷ ಪಿಎಚ್.ಡಿ.ಗೆ ಸೇರಿದವರು ಮುಗಿಸುವ ಹೊತ್ತಿಗೆ ಅಲ್ಲಿಂದ ದತ್ತಾಂಶ ಬರತೊಡಗಿರುತ್ತದೆ. ಆ ಯಾನದಲ್ಲಿ ಶುಕ್ರನ ವಾಯುಮಂಡಲವನ್ನೇ ಬ್ರೇಕಿನಂತೆ ಬಳಸಿ ಕಕ್ಷೆ ಇಳಿಸುವ ಯೋಚನೆಯಿದೆ. 1993ರಲ್ಲಿ ಅಮೆರಿಕದ ಮೆಜೆಲನ್ ನೌಕೆ ಅಲ್ಲೇ ಅದನ್ನು ಮಾಡಿ ತೋರಿಸಿತ್ತು. ನೌಕೆ ಪ್ರತಿ ಸುತ್ತಿನಲ್ಲೂ ವಾಯುವಿನ ಅಂಚನ್ನು ಸವರಿ ವೇಗ ಕಳೆದುಕೊಳ್ಳುತ್ತದೆ. ಸ್ವಲ್ಪ ಹೆಚ್ಚು ಆಳಕ್ಕಿಳಿದರೆ ಸೌರಫಲಕ ಕಾಯುತ್ತದೆ, ಕಡಿಮೆಯಾದರೆ ತಿಂಗಳುಗಳು ವ್ಯರ್ಥ. ಎಷ್ಟು ಆಳ ಎಂಬುದು ಹಗಲು-ಇರುಳಿಗೆ ಅಲ್ಲಿನ ಗಾಳಿಯ ಸಾಂದ್ರತೆ ಹೇಗೆ ಬದಲಾಗುತ್ತದೆಂಬುದರ ಮೇಲೆ ನಿಂತಿದೆ. ಪ್ರತಿ ಸುತ್ತಿನಲ್ಲಿ ನೌಕೆ ಎಷ್ಟು ನಿಧಾನವಾಯಿತೆಂದು ಅಳೆದರೆ ಆ ಸಾಂದ್ರತೆಯೇ ತಿಳಿಯುತ್ತದೆ. ಒಬ್ಬ ವಿದ್ಯಾರ್ಥಿ, ಇಬ್ಬರು ಗೈಡುಗಳು: ಒಬ್ಬರು ಏರೋಸ್ಪೇಸ್ ವಿಭಾಗದವರು, ಇನ್ನೊಬ್ಬರು ಗ್ರಹಗಳ ವಾಯುಮಂಡಲ ಬಲ್ಲವರು. ಅಭ್ಯಾಸಕ್ಕೆ ಮೆಜೆಲನ್ನಿನ ಹಳೆಯ ದತ್ತಾಂಶ ಬಿಟ್ಟಿಯಾಗಿಯೇ ಸಿಗುತ್ತದೆ.